ರಬ್ಬರ್ ಹಾಲು

ಬ್ರಶ್ಶನ್ನು ಸಾಬೂನು ನೀರಿಗೆ ಅದ್ದಿದ್ದೆನೋ ಇಲ್ಲವೋ ಎಂದು ಅವಳಿಗೆ ನೆನಪಾಗಲಿಲ್ಲ. ಇಪ್ಪತ್ತಮೂರು ವರ್ಷ ಕೈ ತನ್ನಷ್ಟಕ್ಕೆ ಮಾಡಿಕೊಂಡು ಬಂದ ಕೆಲಸ ಅದು. ಮೊದಲು ಸಾಬೂನು ನೀರು, ಆಮೇಲೆ ರಬ್ಬರ್ ಹಾಲು. ಹಾಗೆ ಮಾಡದಿದ್ದರೆ ಹಾಲು ಕೂದಲ ಬುಡದಲ್ಲೇ ಹೆಪ್ಪುಗಟ್ಟಿ ಒಳ್ಳೆಯ ಬ್ರಶ್ಶು ಒಂದೇ ದಿನಕ್ಕೆ ಕಡ್ಡಿಯಾಗಿ ಹೋಗುತ್ತದೆ. ಬಾಟಲಿಯ ಮೇಲೆ ಅದಕ್ಕೆ ಉದ್ದದ ಹೆಸರೇನೋ ಇತ್ತು, ಆದರೆ ಮಾಡೆಲ್ ಮಾಡುವ ಆ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಅದು ಹಾಲೇ. ನೋಡುವುದಕ್ಕೂ ಹಾಲೇ, ಮೂಗಿನ ಹತ್ತಿರ ತಂದರೆ ಮಾತ್ರ ಕಣ್ಣಲ್ಲಿ ನೀರು ಬರಿಸುವ ಘಾಟು. ಬಣ್ಣ ತಾಗಬಾರದ ಕಡೆಗೆಲ್ಲ ಅದನ್ನು ಬಳಿದು ಬಿಟ್ಟರೆ ಅರ್ಧ ಗಂಟೆಯಲ್ಲಿ ಒಣಗಿ ತೆಳ್ಳಗಿನ ಚರ್ಮವಾಗುತ್ತದೆ. ಅದರ ಮೇಲೆ ನಿಶ್ಚಿಂತೆಯಾಗಿ ಬಣ್ಣ ಹೊಡೆದು, ಬಣ್ಣ ಕಲ್ಲಾಗುವ ಮೊದಲೇ ಚರ್ಮ ಸುಲಿದರೆ, ಕೆಳಗಿನ ಗಾಜು ತೊಳೆದಿಟ್ಟ ಹಾಗೆ ಹೊರಗೆ ಬರುತ್ತದೆ. ಎದುರಿಗೆ ಮೊಳದುದ್ದದ ಲಾಂಚು ನಿಂತಿತ್ತು. ನಿಜವಾದ ಲಾಂಚಿನ ಐವತ್ತರಲ್ಲಿ ಒಂದು ಪಾಲು. ಎಡಬದಿಗೆ ಏಳು ಕಿಟಕಿ. ಎರಡು ಕಿಟಕಿಗೆ ಹಾಲು ಬಳಿದು ಮೂರನೆಯದಕ್ಕೆ ಬಂದಾಗ ಅವಳ ಕೈ ನಿಂತುಬಿಟ್ಟಿತ್ತು. ಸಾಬೂನಿನ ವಿಷಯ ನೆಪ. ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುವಾಗ ತಮ್ಮ ಬಾಗಿಲಲ್ಲಿ ನಿಂತು, ಆ ಮಾಡೆಲ್ ಇವತ್ತು ಮುಗಿಯುತ್ತದಾ ಎಂದು ಕೇಳಿದ್ದ. ಮೊನ್ನೆಯೂ ಕೇಳಿದ್ದ. ಅದರ ಹಿಂದಿನ ದಿನವೂ. ಅವಳು ಮಾಡಿದ ನೂರಾರು ಮಾಡೆಲ್‌ಗಳಲ್ಲಿ ಒಂದರ ಬಗ್ಗೆಯೂ ಅವನು ಒಂದು ಮಾತು ಕೇಳಿದವನಲ್ಲ. ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡು ಉಗುಳು ನುಂಗಿದಾಗೆಲ್ಲ ಇದ್ದೇನೆ ಇದ್ದೇನೆ ಅನ್ನುತ್ತದಲ್ಲ, ಆ ಪ್ರಶ್ನೆ ಹಾಗೆ ಸಿಕ್ಕಿಕೊಂಡಿತ್ತು.

ಲಾಂಚು ಮಗುಚಿ ನಾಲ್ಕು ತಿಂಗಳಾಗಿತ್ತು. ಲಾಂಚು ನಿಲ್ಲುವ ದಕ್ಕೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಹಗಲು ಹನ್ನೊಂದು ಗಂಟೆಗೆ, ಅದು ಬಲಕ್ಕೆ ವಾಲಿತು. ಹೊರಗಿನ ಕಂಬಿ ಕಟಾಂಜನದ ಬಳಿ ಇದ್ದವರೆಲ್ಲ ನೀರಿಗೆ ಹಾರಿ ಬದುಕಿದರು. ಒಳಗೆ ಕೂತಿದ್ದವರಲ್ಲಿ ಆರು ಜನ ಒಳಗೇ ಉಳಿದರು. ಎಡಬದಿಯ ಮೂರನೆಯ ಕಿಟಕಿ ಅಪಾಯ ಬಂದಾಗ ತೆರೆದು ಹೊರಬರುವ ಕಿಟಕಿ. ಅದರ ಗಾಜನ್ನು ಹಿಡಿದುಕೊಂಡಿದ್ದ ಕಪ್ಪು ರಬ್ಬರ್ ಪಟ್ಟಿಯ ಸೀಳಿನಲ್ಲಿ ಒಂದು ತೆಳು ಎಳೆ, ಎಳೆಯ ತುದಿಗೆ ಕೆಂಪು ಉಂಗುರ. ಉಂಗುರ ಹಿಡಿದು ಜಗ್ಗಿದರೆ ಎಳೆ ಸುತ್ತಲೂ ಕಿತ್ತುಕೊಂಡು ಬರಬೇಕು, ರಬ್ಬರ್ ಸಡಿಲಾಗಬೇಕು, ಒಂದು ಗುದ್ದಿಗೆ ಗಾಜು ಕಳಚಿ ಬೀಳಬೇಕು. ದಕ್ಕೆಗೆ ಹಗ್ಗ ಎಸೆದು ಕಟ್ಟುವ ಕೆಲಸದವನೊಬ್ಬ ವಾಲಿದ ಲಾಂಚಿನ ಮೇಲೆ ಹತ್ತಿ ನಿಂತು ಉಂಗುರ ಜಗ್ಗಿದೆ ಎಂದು ಹೇಳಿಕೆ ಕೊಟ್ಟ. ಯಾರೂ ನಂಬಲಿಲ್ಲ. ಅವನು ಹೆದರಿ ಓಡಿದ, ಆಮೇಲೆ ಕಥೆ ಕಟ್ಟಿದ ಎಂಬುದೇ ಎಲ್ಲರ ಬಾಯಲ್ಲಿತ್ತು. ಪತ್ರಿಕೆಯಲ್ಲಿ ಅವನ ಫೋಟೋ ಬಂದ ದಿನ ಇಲ್ಲಿಯ ಬಡಗಿ ಚಹಾ ಕುಡಿಯುತ್ತ, ಹಗ್ಗದವನಂತೆ, ಎಳೆಯೋದಕ್ಕೆ ಬರಲ್ಲವಂತೆ, ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ದೊಡ್ಡ ನಗೆಯೇನಲ್ಲ, ಜೊತೆಯವರು ನಗುವಾಗ ಮುಖ ಗಂಟು ಹಾಕಿಕೊಂಡು ಕೂರಬಾರದೆಂದು ನಗುವ ನಗೆ. ಕಳೆದ ವಾರ, ಈ ಮಾಡೆಲ್ ಮಾಡಿಸುತ್ತಿದ್ದ ತನಿಖೆಯ ಇಂಜಿನಿಯರಮ್ಮ ಆ ಮನುಷ್ಯನನ್ನೇ ಇಲ್ಲಿಗೆ ಕರೆದುಕೊಂಡು ಬಂದರು, ಯಾರು ಎಲ್ಲಿದ್ದರು ಎಂದು ಮಾಡೆಲ್‌ನಲ್ಲಿ ತೋರಿಸುವುದಕ್ಕೆ. ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸ್ಟೂಲಿನ ತುದಿಯಲ್ಲಿ ಕೂತಿದ್ದ. ಹೆಬ್ಬೆರಳ ಗೆಣ್ಣಿನಷ್ಟು ಎತ್ತರದ ಆರು ಬೊಂಬೆಗಳನ್ನು ಅವಳು ಬಣ್ಣ ಹಚ್ಚಿ ಕೂರಿಸಿಟ್ಟಿದ್ದಳು. ಅವನು ಬಹಳ ಹೊತ್ತು ನೋಡಿ, ಇವರು ಕೂತಿರಲಿಲ್ಲ ಅಮ್ಮ, ನಿಂತಿದ್ದರು, ನಾಲ್ಕು ಜನ ಈ ಕಿಟಕಿಯಲ್ಲಿ, ಎಂದು ಒಂದು ಕೈ ಹೊರಗೆ ತೆಗೆದು ತೋರಿಸಿದ. ಆ ಕೈಯ ಎರಡು ಉಗುರು ಇರಲಿಲ್ಲ. ಅವಳು ಅದನ್ನು ನೋಡಿದಳು, ಆದರೆ ನೋಡಿದ್ದನ್ನು ಯೋಚಿಸುವ ಜಾಗಕ್ಕೆ ತಂದುಕೊಳ್ಳಲಿಲ್ಲ. ನಾಲ್ಕು ಬೊಂಬೆಗಳ ಮೊಣಕಾಲು ಕತ್ತರಿಸಿ ನೆಟ್ಟಗೆ ಮಾಡಿ ಕಿಟಕಿಯ ಹಿಂದೆ ನಿಲ್ಲಿಸಿ ಅಂಟಿಸಿದಳು. ನಿನ್ನೆ ಮೇಲಿನ ಛಾವಣಿಯೂ ಕೂತಿತು. ಇನ್ನು ಅವರನ್ನು ಅಲುಗಿಸುವಂತಿಲ್ಲ.

ಯಜಮಾನರು ಬಂದು ಒಂದು ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲಿಟ್ಟಾಗ ಅವಳು ನಾಲ್ಕನೆಯ ಕಿಟಕಿಯಲ್ಲಿದ್ದಳು. ಇದು ನಿಜವಾದ ಲಾಂಚಿನದು, ಮೂರನೇ ಕಿಟಕಿಯ ರಬ್ಬರಿನ ತುಂಡು, ಕಪ್ಪು ಇದೇ ಕಪ್ಪಾಗಿರಬೇಕಂತೆ, ನಾಲ್ಕು ಗಂಟೆಗೆ ಇಂಜಿನಿಯರಮ್ಮ ಬಂದಾಗ ಮಾಡೆಲ್ ಜೊತೆ ವಾಪಸ್ ಕೊಡಬೇಕು, ನಾಳೆ ವಿಚಾರಣೆಯಲ್ಲಿ ಹಗ್ಗದವನ ಸರದಿ, ಎಂದರು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮಾತಾಡುವುದು ಅವರ ರೂಢಿ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಒಂದು ಕಾಲಕ್ಕೆ ತಮ್ಮನೂ ಇಲ್ಲೇ ಮರ ಉಜ್ಜುವ ಕೆಲಸ ಮಾಡಿಕೊಂಡಿದ್ದು, ಅವನು ಕರೆದದ್ದನ್ನೇ ಎಲ್ಲರೂ ಹಿಡಿದುಕೊಂಡಿದ್ದರು. ಅವನು ದೋಣಿ ಯಾರ್ಡಿಗೆ ಬಣ್ಣದವನಾಗಿ ಹೋದಮೇಲೂ ಅಕ್ಕ ಎಂಬುದು ಉಳಿಯಿತು. ರಬ್ಬರ್ ತುಂಡು ಗೇಣುದ್ದವಿತ್ತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಕಪ್ಪನ್ನು ನೋಡಿದಳು. ಬೂದು ಬೆರೆಸಿದ ಕಪ್ಪು, ಒಂದು ಹನಿ ನೀಲಿ ಬೇಕಾಗಬಹುದು. ಹೆಬ್ಬೆರಳಿನಿಂದ ತೀಡಿದಳು. ರಬ್ಬರಿನ ಬಣ್ಣ ರಬ್ಬರಿನದೇ ಆಗಿರಬೇಕು. ಇದರ ಮೇಲೆ ಬಳಿದ ಕಪ್ಪಿತ್ತು. ಕಪ್ಪಿನ ಕೆಳಗೆ ಕೂದಲೆಳೆಯಷ್ಟು ಎತ್ತರದ ಒಂದು ದಡ, ಹಾಲಿನ ಕೆನೆ ಪಾತ್ರೆಯ ಅಂಚಿಗೆ ಒಣಗಿ ಕೂತಂತೆ. ಆ ದಡದುದ್ದಕ್ಕೂ ಸೂಜಿಮೊನೆಯಷ್ಟು ಸಣ್ಣ ಕುಳಿಗಳು. ಅವಳು ಭೂತಗನ್ನಡಿ ತೆಗೆದುಕೊಂಡಳು. ಕುಳಿಗಳು ದೊಡ್ಡವಾದವು. ಬ್ರಶ್ಶಿನಲ್ಲಿ ಸಾಬೂನಿನ ನೊರೆ ಹೆಚ್ಚಾಗಿ ಉಳಿದಾಗ ಹಾಲಿನೊಳಗೆ ಗುಳ್ಳೆ ಸಿಕ್ಕಿ, ಒಣಗುವಾಗ ಒಡೆದು ಉಳಿಯುವ ಕುಳಿಗಳು ಅವು. ನೊರೆ ಒರೆಸಿಕೋ, ನೊರೆ ಒರೆಸಿಕೋ ಎಂದು ಒಬ್ಬನಿಗೆ ಎಷ್ಟು ಸಲ ಹೇಳಿದ್ದಳು. ಊಟದ ಮೇಜಿನ ಮೇಲೆ ಹಳೆಯ ಗಾಜಿನ ಲೋಟವೊಂದನ್ನು ಬೋರಲು ಹಾಕಿಕೊಂಡು, ಯಾರ್ಡಿನಲ್ಲಿ ಕಿಟಕಿಗೆ ಕಾಗದ ಟೇಪು ಅಂಟಿಸಿಕೊಂಡು ದಿನಗಟ್ಟಲೆ ಯಾಕೆ ಸಾಯುತ್ತೀಯ, ಇದನ್ನು ಬಳಿ, ಬಣ್ಣ ಹೊಡೆ, ಸುಲಿ, ಎಂದು ತೋರಿಸಿದ್ದಳು. ಲೋಟದ ಮೇಲಿನ ಚರ್ಮ ಒಂದೇ ಎಳೆತಕ್ಕೆ ಬಂದಾಗ ತಮ್ಮನ ಹೆಂಡತಿ ಚಪ್ಪಾಳೆ ತಟ್ಟಿದ್ದಳು. ಆ ಮನೆಯಲ್ಲಿ ಅವಳಿಗಾಗಿ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ. ಮದುವೆಯಾಗದ ಅಕ್ಕ ತಮ್ಮನ ಮನೆಯಲ್ಲಿ ಎಷ್ಟು ಜಾಗ ಹಿಡಿಯಬೇಕೋ ಅಷ್ಟೇ ಹಿಡಿದುಕೊಂಡಿದ್ದವಳು ಆ ಸಂಜೆ ಸ್ವಲ್ಪ ಅಗಲವಾಗಿ ಕೂತಿದ್ದಳು.

ಇರಲಾರದು ಎಂದುಕೊಂಡಳು. ಕುಳಿ ಯಾವುದರಿಂದ ಬೇಕಾದರೂ ಬೀಳಬಹುದು. ನೀರಿನಲ್ಲಿ ಮುಳುಗಿದ್ದು, ಉಪ್ಪಿರಬಹುದು, ಹುಳ ಇರಬಹುದು. ಆದರೆ ಅನುಮಾನ ಪರಿಹರಿಸುವ ದಾರಿ ಅವಳ ಮೇಜಿನ ಮೇಲೇ ಇತ್ತು. ಇಷ್ಟು ವರ್ಷ ಸುಲಿದ ಚರ್ಮವನ್ನೆಲ್ಲ ಅವಳು ಎಸೆಯದೆ ಉಂಡೆ ಕಟ್ಟಿಕೊಂಡು ಬಂದಿದ್ದಳು. ನಿಂಬೆಹಣ್ಣಿನಷ್ಟಿದ್ದದ್ದು ಈಗ ಕಿತ್ತಳೆಯಷ್ಟಾಗಿತ್ತು, ಒಳಗೆಲ್ಲ ಬಸ್ಸಿನ ಕೆಂಪು, ಸೇತುವೆಯ ಬೂದು, ಆಸ್ಪತ್ರೆಯ ಮಾಡೆಲ್‌ನ ತಿಳಿಹಸಿರು. ಒಣಗಿದ ಹಾಲಿನ ಗುಣವೇ ಹಾಗೆ. ಗಾಜಿಗೆ ಅಂಟುವುದಿಲ್ಲ, ಮರಕ್ಕೆ ಅಂಟುವುದಿಲ್ಲ, ತನ್ನ ಕುಲದ್ದನ್ನು ಕಂಡರೆ ಬಿಡುವುದಿಲ್ಲ. ಮೊಂಡಾಗಿ ಕೂತ ಚರ್ಮದ ಅಂಚಿಗೆ ಉಂಡೆ ಒತ್ತಿ ಎತ್ತಿದರೆ ಅದು ಎದ್ದು ಬರುತ್ತದೆ. ಅವಳು ಬ್ಲೇಡಿನ ತುದಿಯಿಂದ ತುಂಡಿನ ಕಪ್ಪನ್ನು ಸಾಸಿವೆ ಕಾಳಿನಷ್ಟು ಕೆರೆದಳು. ಉಂಡೆಯನ್ನು ಅಲ್ಲಿಗೆ ಒತ್ತಿ ಹಿಡಿದು ಮನಸ್ಸಿನಲ್ಲೇ ಹತ್ತು ಎಣಿಸಿ ಎತ್ತಿದಳು. ಸಣ್ಣದೊಂದು ಸದ್ದಾಯಿತು, ತುಟಿ ಬಿಟ್ಟಂಥ ಸದ್ದು. ಉಂಡೆಯ ಮೇಲೆ ಕಪ್ಪು ಬೆನ್ನಿನ, ಹಳದಿ ಹೊಟ್ಟೆಯ ಚರ್ಮದ ಚೂರೊಂದು ನಿಂತಿತ್ತು. ನೀರಿನಲ್ಲಿ ಮುಳುಗಿದ್ದು, ಮೇಲಿನ ಪದರವಷ್ಟೇ ಸಡಿಲಾಗಿತ್ತು. ಅದರ ಕೆಳಗೆ, ರಬ್ಬರ್ ಪಟ್ಟಿಯ ಸೀಳು ಇರಬೇಕಾದ ಕಡೆ ಸೀಳಿರಲಿಲ್ಲ. ಹಾಲು ಸೀಳಿನೊಳಕ್ಕೆ ಇಳಿದು ಎಳೆಯನ್ನೂ ಪಟ್ಟಿಯನ್ನೂ ಒಂದು ಮಾಡಿತ್ತು. ತುಂಡಾದ ಎಳೆಯ ಮೋಟು ಮಾತ್ರ ಹಲ್ಲಿಯ ಬಾಲದ ಹಾಗೆ ಹೊರಗಿತ್ತು. ಎಳೆದೆ, ಉಂಗುರ ಕೈಗೆ ಬಂತು, ಗಾಜು ಬರಲಿಲ್ಲ ಎಂದು ಆ ಮನುಷ್ಯ ಹೇಳಿದ್ದ. ಅವಳಿಗೆ ಕಿವಿಯಲ್ಲಿ ಗುಯ್‌ಗುಡುವ ಸದ್ದೊಂದೇ, ಮತ್ತು ಬಡಗಿ ಪಕ್ಕದ ಕೋಣೆಯಲ್ಲಿ ಉಜ್ಜುತ್ತಿದ್ದ ಉಜ್ಜುಕಾಗದದ ಸದ್ದು ಬಹಳ ದೂರದಿಂದ ಬರುತ್ತಿದೆ ಎನ್ನಿಸಿತು. ಅವಳು ಮಾಡಿದ ಮೊದಲ ಕೆಲಸವೆಂದರೆ ಆ ತುಂಡಿನ ಮೇಲೆ ಒಂದು ಬಟ್ಟೆ ಮುಚ್ಚಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಕಳ್ಳ ಎಂದು ಅಂದವರೂ ಯಾರಿರಲಿಲ್ಲ.

ಉಳಿದ ಕಿಟಕಿಗಳಿಗೆ ಹಾಲು ಬಳಿದಳು. ಒಣಗುವುದನ್ನು ಕಾದಳು. ಬಿಳುಪು ಹೋಗಿ ಚರ್ಮ ತಿಳಿಯಾಗುವುದನ್ನು ನೋಡುತ್ತ ಕೂತಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಲಾಂಚಿನ ಮೈಗೆ ಬಿಳಿ ಹೊಡೆದಳು, ಒಂದು ಪದರ, ಆಮೇಲೆ ಇನ್ನೊಂದು. ಏಳು ಕಿಟಕಿಯೂ ಬಿಳಿಯ ಕೆಳಗೆ ಮುಚ್ಚಿಹೋದವು. ರಬ್ಬರಿನ ಮೇಲೆ ಹಾಕಬೇಡ ಎಂದು ತಮ್ಮನಿಗೆ ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಒಂದು ಬಸ್ಸಿನ ಮಾಡೆಲ್. ಟೈರುಗಳು ನಿಜವಾದ ರಬ್ಬರಿನವು, ಬೆರಳಲ್ಲಿ ತಳ್ಳಿದರೆ ಚಕ್ರ ತಿರುಗಬೇಕು. ಅವಳು ಟೈರುಗಳಿಗೂ ಹಾಲು ಬಳಿದು ಮೈಗೆ ಕೆಂಪು ಹೊಡೆದು, ಮೂರು ದಿನ ಜ್ವರ ಎಂದು ಮನೆಯಲ್ಲಿ ಮಲಗಿದಳು. ಬಂದು ನೋಡಿದರೆ ಹಾಲು ಟೈರನ್ನೂ ಮಡ್‌ಗಾರ್ಡನ್ನೂ ಸೇರಿಸಿ ಹಿಡಿದುಕೊಂಡಿತ್ತು. ಚಿಮುಟದಿಂದ ಕಿತ್ತಳು, ಉಂಡೆ ಒತ್ತಿದಳು, ಉಗುರು ಹಾಕಿದಳು. ರಬ್ಬರೂ ರಬ್ಬರಿನ ಹಾಲೂ ಒಂದೇ ತಾಯಿಯ ಮಕ್ಕಳು, ಬಿಡಿಸುವವರು ಯಾರು. ಆಗ ಅವಳು ಸಣ್ಣ ಬ್ರಶ್ಶಿನಲ್ಲಿ ಕಪ್ಪು ತೆಗೆದುಕೊಂಡು ಎಲ್ಲದರ ಮೇಲೆ ನೀಟಾಗಿ ಬಳಿದಳು. ನೋಡಿದವರಿಗೆ ಟೈರು ಟೈರೇ. ತಿರುಗುವುದಿಲ್ಲ, ಅಷ್ಟೇ. ಯಜಮಾನರಿಗೆ ಹೇಳಲಿಲ್ಲ. ಪ್ಯಾಕು ಮಾಡುವ ಮೇಜಿನ ಮೇಲಿಟ್ಟು, ತಲೆ ಬಗ್ಗಿಸಿಕೊಂಡು ಮನೆಗೆ ಹೋದಳು. ಬಸ್ಸು ಹೋಯಿತು. ತಿಂಗಳಾಯಿತು, ವರ್ಷವಾಯಿತು, ಚಕ್ರ ತಿರುಗುವುದಿಲ್ಲ ಎಂಬ ದೂರು ಬರಲೇ ಇಲ್ಲ. ಮೊದಮೊದಲು ಫೋನು ಹೊಡೆದುಕೊಂಡಾಗೆಲ್ಲ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಆಮೇಲೆ ಅದು ಹೋಗಿ ಒಂದು ನಂಬಿಕೆ ಬಂದು ಕೂತಿತು, ಕಪ್ಪು ಬಳಿದರೆ ಸಾಕು, ಲೋಕ ತಿರುಗಿಸಿ ನೋಡುವುದಿಲ್ಲ ಎಂದು. ರಾತ್ರಿ ಶಾಲೆಯಲ್ಲಿ ನಲವತ್ತನೇ ವಯಸ್ಸಿಗೆ ಲೆಕ್ಕ ಕಲಿತವಳು ಅವಳು. ಐವತ್ತರಲ್ಲಿ ಒಂದು ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೆರಳಗಲದ ಚಕ್ರ ತಿರುಗದೆ ಹೋದರೆ ಒಂದು ಆಟಿಕೆ ಕೆಟ್ಟಿತು. ಅದನ್ನೇ ಐವತ್ತರಿಂದ ಗುಣಿಸಿದರೆ ಏನಾಗುತ್ತದೆ ಎಂದು ಕೇಳುವ ಲೆಕ್ಕ ಮಾತ್ರ ಆ ಪುಸ್ತಕದಲ್ಲಿ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಮೇಲೆ ಅವಳು ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಕೂತು ತಮ್ಮನಿಗೆ ಫೋನು ಮಾಡಿದಳು. ಊಟದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ತೆರೆದಿರಲಿಲ್ಲ. ಊಟ ಆಯ್ತಾ ಎಂದು ಅವನು ಕೇಳಿದ. ಹಿಂದೆ ಯಾರೋ ಕಬ್ಬಿಣ ಬಡಿಯುತ್ತಿದ್ದರು.

"ಆ ಲಾಂಚಿನ ಕಿಟಕಿಗೆ ಹಾಲು ಹಾಕಿದ್ಯಾ?"

ಕಬ್ಬಿಣದ ಸದ್ದು ದೂರವಾಗುತ್ತ ಹೋಯಿತು. ಅವನು ನಡೆಯುತ್ತಿದ್ದ. ಎಲ್ಲೋ ಒಂದು ಬಾಗಿಲು ಮುಚ್ಚಿತು.

"ಹಾಕಿದ್ದೆ."

"ರಬ್ಬರಿನ ಮೇಲೂ?"

"ಗಾಜಿಗೆ ಬಳಿಯೋವಾಗ ಅದರ ಮೇಲೂ ಬಂತು. ಒಂದೇ ದಿನದಲ್ಲಿ ಸುಲಿಯೋಣ ಅಂತಿದ್ದೆ. ಬಿಳಿ ಬಣ್ಣ ಬರೋದು ತಡವಾಯ್ತು, ಇಪ್ಪತ್ತು ದಿನ ಬಿಸಿಲಲ್ಲೇ ನಿಂತಿತ್ತು. ಆಮೇಲೆ ಗಾಜಿಂದ ಬಂತು. ರಬ್ಬರಿಂದ ಬರಲಿಲ್ಲ."

ಅವಳು ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಿಡಿದುಕೊಂಡಳು. ಸಿಟ್ಟು ಬಂದಿತ್ತು. ಸಿಟ್ಟು ಬಂದದ್ದೇ ಒಂದು ಸಮಾಧಾನವೆನ್ನಿಸಿತು; ಯಾರ ಮೇಲಾದರೂ ಹೊರಿಸುವಂತಿದ್ದರೆ ಹೊರೆ ಇಳಿದಂತೆಯೇ.

"ನನಗೊಂದು ಮಾತು ಕೇಳೋದಕ್ಕೆ ಏನಾಗಿತ್ತು ನಿನಗೆ?"

ಅವನು ಬಹಳ ಮೆಲ್ಲಗೆ, ಚಿಕ್ಕಂದಿನಲ್ಲಿ ಅವಳ ಬೆನ್ನ ಹಿಂದೆ ಮಲಗಿಕೊಂಡು ಮಾತಾಡುತ್ತಿದ್ದ ದನಿಯಲ್ಲಿ ಹೇಳಿದ.

"ಕೇಳಿದ್ದೆ ಅಕ್ಕಾ. ನೀನು ಅಡುಗೆಮನೆಯಲ್ಲಿ ಕಾಳು ಆರಿಸ್ತಾ ಕೂತಿದ್ದೆ. ರಬ್ಬರಿಗೆ ಕೂತಿರೋದು ಬರ್ತಾ ಇಲ್ಲ, ಏನು ಮಾಡ್ಲಿ ಅಂದೆ. ಕಪ್ಪು ಬಳಿದುಬಿಡು, ಯಾರೂ ತಿರುಗಿಸಿ ನೋಡಲ್ಲ ಅಂದೆ ನೀನು. ತಲೆ ಕೂಡ ಎತ್ತಲಿಲ್ಲ."

ಇಲ್ಲ ಎನ್ನಲು ಬಾಯಿ ತೆರೆದಳು. ಮಾತಿನ ಬದಲು ಆ ದಿನದ ಅಡುಗೆಮನೆ ನೆನಪಿಗೆ ಬಂದಿತು. ಮೊರದಲ್ಲಿ ಕಾಳು, ಕಾಳಿನ ನಡುವೆ ಒಂದು ಬಿಳಿ ಕಲ್ಲು, ಆ ಕಲ್ಲು ಎಲ್ಲಿ ಜಾರಿ ಹೋಯಿತೆಂದು ಹುಡುಕುತ್ತಿದ್ದ ತನ್ನ ಬೆರಳು. ಬಾಗಿಲಲ್ಲಿ ಅವನ ಕಾಲು, ಬೆರಳ ಸಂದಿಯಲ್ಲಿ ಬಿಳಿ ಬಣ್ಣ. ಏನೋ ಕೇಳಿದ. ಏನೋ ಹೇಳಿದಳು. ಹೇಳಿದ್ದು ಇದೇ. ದಿನಕ್ಕೆ ನೂರು ಮಾತು ಹೀಗೆ ಬಾಯಿಂದ ಬೀಳುತ್ತವೆ, ಹಿಟ್ಟು ಜರಡಿ ಹಿಡಿದಂತೆ. ಅದರಲ್ಲಿ ಒಂದು ಹೋಗಿ ಕಿಟಕಿಯೊಂದನ್ನು ಮುಚ್ಚಿತ್ತು. ಅವನು ಫೋನಿನಲ್ಲಿ ಇನ್ನೂ ಮಾತಾಡುತ್ತಿದ್ದ. ಲಾಂಚು ಮಗುಚಿದ ದಿನದಿಂದ ನಿದ್ದೆಯಿಲ್ಲ ಎಂದ. ಹೆಂಡತಿಗೂ ಹೇಳಿಲ್ಲ ಎಂದ. ಅಕ್ಕನಿಗೆ ಹೇಳೋಣವೆಂದು ಎಷ್ಟೋ ಸಲ ಅವಳ ಕೋಣೆಯ ಬಾಗಿಲವರೆಗೆ ಬಂದು ಹೋದನಂತೆ. ಅದನ್ನು ನೋಡಿ ಇಂಥದ್ದೆಂದು ಗುರುತು ಹಿಡಿಯುವವರು ನಾವಿಬ್ಬರೇ, ಬೇರೆ ಯಾರಿಗೂ ತಿಳಿಯುವುದಿಲ್ಲ, ನೀನು ಮಾಡೆಲ್ ಕೊಟ್ಟು ಕೈ ತೊಳೆದುಕೊಂಡುಬಿಡು ಎಂದ. ಹಾಗಾದರೆ ಆ ಹಗ್ಗದವನು ಎಂದು ಅವಳು ಕೇಳಿದಳು. ಅವನು, ನೀನು ಬಾಯಿ ಬಿಟ್ಟರೆ ನಾವಿಬ್ಬರೂ ಹೋಗುತ್ತೇವೆ ಅಕ್ಕಾ, ಎಂದ. ಬೆದರಿಕೆಯಲ್ಲ. ಕತ್ತಲಲ್ಲಿ ಕೈ ಹಿಡಿಯುವವನ ದನಿ. ಅಮ್ಮ ಸತ್ತಾಗ ಅವನಿಗೆ ಐದು ವರ್ಷ, ಅವಳಿಗೆ ಹದಿನಾಲ್ಕು. ಅವನು ತಟ್ಟೆಯಲ್ಲಿ ಬಿಟ್ಟ ಅನ್ನ ತಿಂದು ಅವನನ್ನು ಬೆಳೆಸಿದವಳು. ಅವನ ತಪ್ಪುಗಳನ್ನೆಲ್ಲ ತನ್ನ ಹೊಟ್ಟೆಯೊಳಗೆ ಹಾಕಿಕೊಂಡೇ ಬಂದವಳು. ಈಗ ಹೊಟ್ಟೆಯೊಳಗೆ ಹಾಕಿಕೊಳ್ಳಲು ಅವನ ತಪ್ಪು ಸಿಗುತ್ತಿರಲಿಲ್ಲ. ಕೈಹಾಕಿದ ಕಡೆಯೆಲ್ಲ ತನ್ನದೇ ಸಿಗುತ್ತಿತ್ತು. ಕೆಲಸ ಇದೆ ಎಂದು ಫೋನು ಇಟ್ಟಳು. ಡಬ್ಬಿಯನ್ನು ತೆರೆಯದೆ ಹಾಗೇ ಚೀಲಕ್ಕೆ ಹಾಕಿದಳು.

ಮೂರು ಗಂಟೆಗೆ ಸುಲಿಯಲು ಕೂತಳು. ಅಂಚಿನ ಸುತ್ತ ಬ್ಲೇಡಿನ ತುದಿಯನ್ನು ಹಗುರಾಗಿ ಓಡಿಸಬೇಕು, ಇಲ್ಲದಿದ್ದರೆ ಕಿಟಕಿಯ ಮೇಲಿನ ಬಣ್ಣ ಗೋಡೆಯ ಬಣ್ಣವನ್ನೂ ಎಳೆದುಕೊಂಡು ಏಳುತ್ತದೆ. ಒಂದನೆಯ ಕಿಟಕಿ ಬಂದಿತು. ಎರಡನೆಯದು ಬಂದಿತು. ಮೂರನೆಯದನ್ನು ಬಿಟ್ಟು ನಾಲ್ಕಕ್ಕೆ ಹೋದಳು. ಐದು, ಆರು, ಏಳು. ಸುಲಿದ ಚರ್ಮಗಳನ್ನು ಉಂಡೆಗೆ ಸೇರಿಸಲು ಹೋಗಿ ಕೈ ಹಿಂದೆಗೆದಳು. ಉಂಡೆಯ ಮೇಲೆ ಬೆಳಗಿನ ಕಪ್ಪು ಚೂರು ಕಣ್ಣಿನ ಹಾಗೆ ಕೂತಿತ್ತು. ಅದನ್ನು ಕಿತ್ತು ಹಾಕೋಣವೆಂದು ಉಗುರು ಹಾಕಿದಳು. ಬರಲಿಲ್ಲ. ಒಂದು ಕ್ಷಣ ಯೋಚನೆ ಬಂತು, ಉಂಡೆಯನ್ನು ಕಸದ ಡಬ್ಬಿಗೆ, ತುಂಡನ್ನು ಕವರಿಗೆ, ಕೆರೆದ ಸಾಸಿವೆಯಷ್ಟು ಜಾಗಕ್ಕೆ ಒಂದು ಹನಿ ಕಪ್ಪು. ಕಪ್ಪಿನ ಬಾಟಲಿ ಕೈಗೆಟುಕುವಷ್ಟು ಹತ್ತಿರವಿತ್ತು. ಬ್ರಶ್ಶು ತೆಗೆದುಕೊಂಡಳು. ಬೆಳಗಿನ ಬ್ರಶ್ಶು ಅದು. ಸಾಬೂನಿಗೆ ಅದ್ದಿರಲಿಲ್ಲ, ಈಗ ಖಚಿತವಾಯಿತು. ಕೂದಲೆಲ್ಲ ಒಂದಾಗಿ ಕಡ್ಡಿಯಾಗಿ ಬೆರಳಿಗೆ ಚುಚ್ಚಿತು. ಆ ಸಣ್ಣ ನೋವಿಗೆ ಅವಳು ಬ್ರಶ್ಶನ್ನು ಕೆಳಗಿಟ್ಟು ಬೆರಳ ತುದಿಯನ್ನು ನೋಡಿದಳು. ಉಗುರಿಲ್ಲದ ಎರಡು ಬೆರಳು ಹೊರಗಿನಿಂದ, ನಾಲ್ಕು ಜನರ ಎಂಟು ಅಂಗೈ ಒಳಗಿನಿಂದ, ನಡುವೆ ಗಾಜು. ಗಾಜಿನ ಸುತ್ತ ತನ್ನ ಮಾತು.

ಇಂಜಿನಿಯರಮ್ಮ ನಾಲ್ಕು ಗಂಟೆಗೆ ಹತ್ತು ನಿಮಿಷ ಮೊದಲೇ ಬಂದರು. ಇನ್ನೂ ಮೂವತ್ತು ದಾಟದ ಹೆಣ್ಣುಮಗಳು, ಬಗಲಲ್ಲಿ ಭಾರದ ಚೀಲ, ಮಾತಿಗೆ ಮೊದಲು ಗಡಿಯಾರ ನೋಡುವ ಅಭ್ಯಾಸ. ಲಾಂಚಿನ ಸುತ್ತ ಬಗ್ಗಿ ನೋಡಿ, ಬಹಳ ಚೆನ್ನಾಗಿದೆ ಅಮ್ಮ ಎಂದರು. ಆಮೇಲೆ ಒಂದು ಕಿಟಕಿ ಮಾತ್ರ ಬಿಳಿಯಾಗಿಯೇ ಉಳಿದಿರುವುದನ್ನು ಕಂಡು, ಇದೊಂದು ಬಾಕಿಯಾ ಎಂದು ಕೇಳಿದರು. ಯಜಮಾನರು ಅವರ ಹಿಂದೆಯೇ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಅವಳು ಬಟ್ಟೆ ಸರಿಸಿದಳು. ರಬ್ಬರ್ ತುಂಡನ್ನೂ ಉಂಡೆಯನ್ನೂ ಅವರ ಮುಂದೆ ತಳ್ಳಿದಳು.

"ಇದನ್ನ ಇಲ್ಲಿ ಒತ್ತಿ. ಸ್ವಲ್ಪ ಹೊತ್ತು ಹಿಡ್ಕೊಳ್ಳಿ. ಈಗ ಎತ್ತಿ."

ಅದೇ ಸದ್ದು. ಈ ಸಲ ಬೆರಳಿನಗಲದ ಚರ್ಮ ಎದ್ದು ಬಂತು. ಇಂಜಿನಿಯರಮ್ಮ ಅದನ್ನು ನೋಡಿದರು, ಅದರ ಕೆಳಗಿನ ಸೀಳಿಲ್ಲದ ರಬ್ಬರನ್ನು ನೋಡಿದರು, ಮತ್ತೆ ಚರ್ಮವನ್ನು ನೋಡಿದರು. ಗಡಿಯಾರ ನೋಡಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು.

"ಇದೇನಿದು?"

ಹಾಲಿನ ಬಾಟಲಿಯನ್ನು ತೋರಿಸಿ ಅವಳು ಹೇಳಲು ತೊಡಗಿದಳು. ಹಗ್ಗದವನು ಸುಳ್ಳು ಹೇಳಿಲ್ಲ ಎಂದಳು. ಎಳೆ ಕಿತ್ತುಬರದಂತೆ ಹಿಡಿದಿದ್ದು ಇದು ಎಂದಳು. ಬಳಿದವನು ತನ್ನ ತಮ್ಮ ಎಂದಳು. ಅಲ್ಲಿಗೇ ನಿಲ್ಲಿಸಿದರೆ ಅವನೊಬ್ಬನನ್ನೇ ನೀರಿಗೆ ತಳ್ಳಿದಂತಾಗುತ್ತದೆ ಎಂದು ತಡವರಿಸುತ್ತಲೇ ಮುಂದುವರಿಸಿದಳು. ಕಲಿಸಿದವಳು ನಾನು, ಅವನು ಕೇಳಿದಾಗ ಕಪ್ಪು ಬಳಿ ಎಂದವಳೂ ನಾನು, ಯಾಕೆ ಹಾಗೆಂದೆ ಎನ್ನುವುದಕ್ಕೆ ಹನ್ನೊಂದು ವರ್ಷ ಹಿಂದಿನ ಒಂದು ಬಸ್ಸಿನ ಮಾಡೆಲ್‌ನ ಕಥೆ ಹೇಳಬೇಕು, ಅದನ್ನೂ ಬರೆದುಕೊಳ್ಳಿ ಎಂದಳು. ಇಂಜಿನಿಯರಮ್ಮ ಬಸ್ಸು ಎಲ್ಲಿಂದ ಬಂತೆಂದು ಅರ್ಥವಾಗದೆ ಪೆನ್ನು ಹಿಡಿದುಕೊಂಡು ಅವಳ ಮುಖವನ್ನೇ ನೋಡಿದರು. ಅವಳು ಟೈರಿನ ಕಥೆಯನ್ನು ನೆಲ ನೋಡುತ್ತ ಹೇಳಿದಳು, ಯಜಮಾನರ ಕಡೆ ಕತ್ತು ತಿರುಗಿಸದೆ. ಆರು ಜನರ ಸಾವನ್ನು ಒಪ್ಪಿಕೊಂಡ ಬಾಯಿಗೆ ನಾಲ್ಕು ಆಟಿಕೆ ಟೈರನ್ನು ಒಪ್ಪಿಕೊಳ್ಳುವಾಗ ನಾಚಿಕೆಯಾಯಿತು, ಕೆನ್ನೆ ಬಿಸಿಯಾಯಿತು. ಇಂಥ ಹೊತ್ತಿನಲ್ಲೂ ಆಗುತ್ತದಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು. ಬಸ್ಸು ಹೋಯಿತು, ಯಾರೂ ತಿರುಗಿಸಿ ನೋಡಲಿಲ್ಲ, ಎಂದು ಮುಗಿಸಿದಳು.

"ನಾನು ನೋಡಿದ್ದೆ ಅಕ್ಕ."

ಯಜಮಾನರು ಹಣೆಯ ಮೇಲಿನ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ನೀವು ಮನೆಗೆ ಹೋದ್ಮೇಲೆ ಪ್ಯಾಕು ಮಾಡೋವಾಗ ಚಕ್ರ ತಳ್ಳಿ ನೋಡ್ದೆ. ತಿರುಗಲಿಲ್ಲ. ಕೂತು ನಾಲ್ಕೂ ಟೈರು ಬದಲಾಯಿಸ್ದೆ. ಜ್ವರದಿಂದ ಎದ್ದು ಬಂದಿದ್ರಿ. ಹೇಳಿದ್ರೆ ನೊಂದ್ಕೊಳ್ತೀರಿ ಅಂತ ಹೇಳಲಿಲ್ಲ."

ಅವಳು ಈಗ ಅವರ ಕಡೆ ತಿರುಗಿದಳು. ಹನ್ನೊಂದು ವರ್ಷ ದೂರು ಬಾರದೆ ಇದ್ದದ್ದು ಕಪ್ಪಿನಿಂದಲ್ಲ. ಒಬ್ಬ ಮನುಷ್ಯನ ದಯೆಯಿಂದ. ಅವತ್ತು ಎಲ್ಲರ ಮುಂದೆ ಕರೆದು, ಏನಮ್ಮ ಇದು, ಕಣ್ಣು ಎಲ್ಲಿತ್ತು ಎಂದು ಬೈದಿದ್ದರೆ ಅವಳು ಒಂದು ವಾರ ಅತ್ತಿರುತ್ತಿದ್ದಳು. ಆಮೇಲೆ ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಲೋಟ ಬೋರಲು ಹಾಕಿಕೊಂಡ ಸಂಜೆ ಎಲ್ಲಕ್ಕಿಂತ ಮೊದಲು ಅದನ್ನೇ ಹೇಳಿರುತ್ತಿದ್ದಳು. ಅವರಿಗೂ ಅದು ಹೊಳೆದಿರಬೇಕು. ಏನೋ ಹೇಳಲು ಹೋದವರು ಹೇಳದೆ, ಕನ್ನಡಕವನ್ನು ಅಂಗಿಯ ಅಂಚಿನಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಮೇಜಿನ ಮೇಲೆ ಅವಳ ಫೋನು ಒಂದು ಸಲ ಗುರುಗುಟ್ಟಿ ಸುಮ್ಮನಾಯಿತು. ತಮ್ಮನದೆಂದು ನೋಡದೆಯೇ ಗೊತ್ತಿತ್ತು. ಇಂಜಿನಿಯರಮ್ಮ ಬರೆದುಕೊಂಡದ್ದನ್ನು ಒಂದು ಸಲ ಓದಿ ಹೇಳಿದರು, ಕೆಳಗೆ ಅವಳ ಸಹಿ ಕೇಳಿದರು. ರಾತ್ರಿ ಶಾಲೆಯಲ್ಲಿ ಕಲಿತ ದುಂಡನೆಯ ಅಕ್ಷರದಲ್ಲಿ ಅವಳು ಸಹಿ ಹಾಕಿದಳು. ಉಂಡೆಯೂ ಬೇಕಾಗುತ್ತದೆ ಅಮ್ಮ ಎಂದರು. ತೆಗೆದುಕೊಳ್ಳಿ ಎಂದಳು. ಇಪ್ಪತ್ತಮೂರು ವರ್ಷದ ಉಂಡೆ ಪ್ಲಾಸ್ಟಿಕ್ ಕವರಿನೊಳಗೆ ಹೋಗಿ, ಅದರ ಬಾಯಿ ಅಂಟಿತು. ಮೇಜಿನ ಮೇಲೆ ಅದು ಇದ್ದ ಕಡೆ ಧೂಳಿಲ್ಲದ ಒಂದು ದುಂಡು ಗುರುತು ಉಳಿಯಿತು.

ಮಾಡೆಲ್ ಒಯ್ಯುವುದಕ್ಕೆ ಪೆಟ್ಟಿಗೆ ತರಲು ಯಜಮಾನರು ಹೋದರು. ಅವಳು ಲಾಂಚನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಮೂರನೆಯ ಕಿಟಕಿ ಇನ್ನೂ ಬಿಳಿಯಾಗಿಯೇ ಇತ್ತು. ಗಂಟೆ ನಾಲ್ಕೂಮುಕ್ಕಾಲು. ಬೆಳಿಗ್ಗೆ ಬಳಿದದ್ದು, ಇನ್ನೂ ಹೊತ್ತು ಮೀರಿರಲಿಲ್ಲ. ಬ್ಲೇಡಿನಿಂದ ಸುತ್ತಲೂ ಗೀರಿದಳು. ಒತ್ತಿ ಎತ್ತಲು ಉಂಡೆಯಿಲ್ಲ. ಬಗ್ಗಿ, ಮೂಲೆಗೆ ಉಗುರು ಕೊಟ್ಟಳು. ಚರ್ಮ ಎದ್ದಿತು. ಎಳೆದಳು. ಒಂದೇ ಎಳೆತಕ್ಕೆ, ತಮ್ಮನ ಮುಂದೆ ಲೋಟದಿಂದ ಬಂದಂತೆ, ಪೂರ್ತಿ ಬಂತು. ಗಾಜು ಸ್ವಚ್ಛವಾಗಿತ್ತು. ಗಾಜಿನ ಹಿಂದೆ ಅವಳೇ ನಿಲ್ಲಿಸಿದ್ದ ನಾಲ್ಕು ಜನ, ಗೆಣ್ಣಿನಷ್ಟೆತ್ತರದವರು, ಅವಳ ಕಡೆಗೇ ನೋಡುತ್ತಿದ್ದರು.